ಒಂದೇ ಅಂಕಿ, ಎರಡು ಅರ್ಥ: ಹಾರ್ಮೋನಿನ ಜೀನುಗಳು ಮತ್ತು ಗಂಡಸಿನ ಫಲವಂತಿಕೆ

ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ಆಸ್ಪತ್ರೆಯ ಮೆಟ್ಟಿಲನ್ನು ಮೊದಲು ಹತ್ತುವವಳು ಹೆಂಡತಿ. ಅವಳ ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಗರ್ಭನಾಳದ ಎಕ್ಸ್‌ರೇ ಎಲ್ಲವೂ ಮುಗಿದ ಮೇಲೆ, ಎಷ್ಟೋ ಸಲ ವರ್ಷಗಟ್ಟಲೆ ಮಾತ್ರೆ ನುಂಗಿಸಿದ ಮೇಲೆ, ಗಂಡನ ವೀರ್ಯ ಪರೀಕ್ಷೆಯ ಮಾತು ಬರುತ್ತದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ದೇಹದಲ್ಲಿಯೂ ಒಂದು ಕಾರಣ ಇರುತ್ತದೆ ಎಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. ಬದುಕಿನ ಯಾವುದೋ ಒಂದು ಹಂತದಲ್ಲಿ ಆರು ಜನರಲ್ಲಿ ಒಬ್ಬರು ಬಂಜೆತನವನ್ನು ಎದುರಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜಿಸಿತು. ಇಷ್ಟು ವ್ಯಾಪಕವಾದ ತೊಂದರೆಯ ಅರ್ಧ ಭಾಗವನ್ನು ನೋಡಲು ಇಷ್ಟು ತಡ ಮಾಡುವುದು ಹೆಣ್ಣುಮಕ್ಕಳಿಗೆ ಆಗುತ್ತಿರುವ ನೇರ ಅನ್ಯಾಯ.

ಗಂಡಸಿನ ಪರೀಕ್ಷೆ ನಡೆದಾಗ ಕೈಗೆ ಬರುವುದು ಎರಡು ಹಾಳೆ. ಒಂದರಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ ಮತ್ತು ಆಕಾರದ ವಿವರ, ಇನ್ನೊಂದರಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್ ಮತ್ತು ಟೆಸ್ಟೋಸ್ಟಿರಾನ್ ಎಂಬ ಮೂರು ಹಾರ್ಮೋನುಗಳ ಅಂಕಿಗಳು. ಅಂಕಿಯ ಪಕ್ಕದಲ್ಲಿಯೇ ಸಾಮಾನ್ಯ ಮಿತಿಯೂ ಅಚ್ಚಾಗಿರುವುದರಿಂದ, ಮಿತಿಯೊಳಗಿದ್ದರೆ ತೊಂದರೆಯಿಲ್ಲ, ಹೊರಗಿದ್ದರೆ ತೊಂದರೆ ಎಂದು ಓದುವುದು ಸಹಜ. ಆದರೆ ಆ ಹಾರ್ಮೋನುಗಳನ್ನು ತಯಾರಿಸುವ ಮತ್ತು ಅವುಗಳ ಸಂದೇಶವನ್ನು ಸ್ವೀಕರಿಸುವ ಜೀನುಗಳು ಎಲ್ಲರಲ್ಲಿಯೂ ಒಂದೇ ಬಗೆಯಲ್ಲಿಲ್ಲ. ಒಬ್ಬನಿಗೆ ಸಾಲುವ ಹಾರ್ಮೋನು ಇನ್ನೊಬ್ಬನಿಗೆ ಸಾಲದು. ಒಂದೇ ಅಂಕಿ ಇಬ್ಬರು ಗಂಡಸರಲ್ಲಿ ಎರಡು ಬೇರೆ ಕಥೆಗಳನ್ನು ಹೇಳುತ್ತಿರಬಹುದು. ಕಳೆದ ಮೂರು ದಶಕಗಳ ಸಂಶೋಧನೆ ಬಿಡಿಸಿ ತೋರಿಸಿರುವುದು ಇದನ್ನೇ.

ಮೊದಲು ವ್ಯವಸ್ಥೆಯನ್ನು ನೋಡೋಣ. ಮಿದುಳಿನ ತಳಭಾಗದಲ್ಲಿರುವ ಹೈಪೋಥಾಲಮಸ್ ಗಂಟೆ ಎರಡು ಗಂಟೆಗೊಮ್ಮೆ ಮಿಡಿತದಂತೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದರ ಕರೆಗೆ ಓಗೊಟ್ಟು ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್‌ಗಳನ್ನು ರಕ್ತಕ್ಕೆ ಸೇರಿಸುತ್ತದೆ. ಎಲ್‌ಎಚ್ ವೃಷಣದ ಲೇಡಿಗ್ ಜೀವಕೋಶಗಳನ್ನು ಮುಟ್ಟಿದಾಗ ಟೆಸ್ಟೋಸ್ಟಿರಾನ್ ಉತ್ಪತ್ತಿಯಾಗುತ್ತದೆ, ಮತ್ತು ಅದರ ಸಾಂದ್ರತೆ ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಹಲವಾರು ಪಟ್ಟು ಹೆಚ್ಚು. ಎಫ್‌ಎಸ್‌ಎಚ್ ಕೆಲಸ ಮಾಡುವುದು ಸೆರ್ಟೋಲಿ ಜೀವಕೋಶಗಳ ಮೇಲೆ. ಬೆಳೆಯುತ್ತಿರುವ ವೀರ್ಯಾಣುಗಳನ್ನು ಸುತ್ತುವರಿದು, ಉಣಿಸಿ, ಕಾಪಾಡುವ ದಾದಿಯರೆಂದು ಇವುಗಳನ್ನು ಕರೆಯಬಹುದು. ಒಂದು ದಾದಿ ಕೋಶ ನಿಗದಿತ ಸಂಖ್ಯೆಯ ವೀರ್ಯಾಣುಗಳನ್ನಷ್ಟೇ ಸಾಕಬಲ್ಲದು. ದಾದಿಯರ ಒಟ್ಟು ಸಂಖ್ಯೆ ಭ್ರೂಣಾವಸ್ಥೆಯಿಂದ ಹರೆಯದವರೆಗಿನ ಅವಧಿಯಲ್ಲಿ, ಮುಖ್ಯವಾಗಿ ಎಫ್‌ಎಸ್‌ಎಚ್‌ನ ಪ್ರಭಾವದಲ್ಲಿ, ಬೆಳೆದು ಹರೆಯದ ಹೊತ್ತಿಗೆ ನಿಂತುಹೋಗುತ್ತದೆ. ಮೂವತ್ತರ ಗಂಡಸಿನ ವೀರ್ಯಾಣು ಉತ್ಪಾದನೆಗೆ ಮೇಲ್ಮಿತಿ ಬಿದ್ದಿರುವುದು ಬಹುಮಟ್ಟಿಗೆ ಅವನ ಬಾಲ್ಯದಲ್ಲಿ. ಜೀನಿನ ಸಣ್ಣ ವ್ಯತ್ಯಾಸವೊಂದು ಇಷ್ಟು ದೂರದ ಪರಿಣಾಮ ಬೀರುವುದು ಹೇಗೆ ಎಂಬುದಕ್ಕೆ ಈ ಸಂಗತಿ ಕೀಲಿಕೈ.

ಅಂಥ ವ್ಯತ್ಯಾಸಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಅಧ್ಯಯನಗೊಂಡಿರುವುದು ಎಫ್‌ಎಸ್‌ಎಚ್‌ಬಿ ಎಂಬ ಜೀನಿನದು. ಎಫ್‌ಎಸ್‌ಎಚ್ ಎರಡು ತುಂಡುಗಳು ಕೂಡಿ ಆದ ಹಾರ್ಮೋನು. ಒಂದು ತುಂಡು ಎಲ್‌ಎಚ್ ಮುಂತಾದ ಬೇರೆ ಹಾರ್ಮೋನುಗಳಲ್ಲಿಯೂ ಇರುವಂಥದ್ದು, ಇನ್ನೊಂದಾದ ಬೀಟಾ ತುಂಡು ಎಫ್‌ಎಸ್‌ಎಚ್‌ಗೆ ಮಾತ್ರ ಮೀಸಲಾದದ್ದು. ಬೀಟಾ ತುಂಡು ಎಷ್ಟು ತಯಾರಾಗುತ್ತದೆಯೋ ಹಾರ್ಮೋನು ಅಷ್ಟೇ ಸಿಗುತ್ತದೆ. ಆ ತುಂಡಿನ ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗದಲ್ಲಿ, ಆರಂಭ ಬಿಂದುವಿಗಿಂತ 211 ಅಕ್ಷರ ಹಿಂದೆ (ಡಿಎನ್‌ಎ ಬರೆಯಲ್ಪಟ್ಟಿರುವುದು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ), ಹೆಚ್ಚಿನವರಲ್ಲಿ ಜಿ ಅಕ್ಷರವಿದ್ದರೆ ಕೆಲವರಲ್ಲಿ ಟಿ ಇರುತ್ತದೆ. ಟಿ ಇದ್ದಲ್ಲಿ ಜೀನನ್ನು ಎಚ್ಚರಿಸುವ ಪ್ರೋಟೀನು ಸಡಿಲವಾಗಿ ಅಂಟಿಕೊಳ್ಳುವುದರಿಂದ ಹಾರ್ಮೋನಿನ ತಯಾರಿಕೆ ಕುಂಠಿತಗೊಳ್ಳುತ್ತದೆ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದ ಮಾರಿಸ್ ಲಾನ್ ಅವರ ತಂಡ ಐನೂರಕ್ಕೂ ಹೆಚ್ಚು ಯುವಕರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಟಿ ಪ್ರತಿ ಇದ್ದವರಲ್ಲಿ ಎಫ್‌ಎಸ್‌ಎಚ್ ಸುಮಾರು ಶೇ 16ರಷ್ಟು, ತಂದೆ ತಾಯಿ ಇಬ್ಬರಿಂದಲೂ ಟಿ ಪಡೆದವರಲ್ಲಿ ಸುಮಾರು ಶೇ 40ರಷ್ಟು ಕಡಿಮೆ ಇತ್ತು. ಎರಡು ಟಿ ಪ್ರತಿಗಳಿರುವವರು ಬಂಜೆತನಕ್ಕೆ ಚಿಕಿತ್ಸೆ ಪಡೆಯುತ್ತಿರುವ ಗಂಡಸರಲ್ಲಿ ಹೆಚ್ಚಾಗಿ ಕಂಡುಬರುತ್ತಾರೆ ಎಂದು ಅದೇ ತಂಡ ಆಮೇಲೆ ತೋರಿಸಿತು. ಜರ್ಮನಿಯಲ್ಲಿ 1,200ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಟಿ ಪ್ರತಿಗಳು ಹೆಚ್ಚಿದಂತೆ ವೃಷಣದ ಗಾತ್ರವೂ ಕಿರಿದಾಗುತ್ತಿತ್ತು. ದಾದಿ ಕೋಶಗಳು ಬಾಲ್ಯದಲ್ಲಿ ಕಡಿಮೆ ಬೆಳೆದಿದ್ದರೆ ಕಾಣಬೇಕಾದ ಚಿತ್ರ ಇದೇ.

ಇದರಿಂದ ರೋಗ ನಿರ್ಣಯಕ್ಕೆ ಆಗುವ ತೊಡಕನ್ನು ವಿವರಿಸಬೇಕು. ವೀರ್ಯಾಣು ಉತ್ಪಾದನೆ ಕುಸಿದಾಗ ಸಾಮಾನ್ಯವಾಗಿ ಪಿಟ್ಯುಟರಿ ಅದನ್ನು ಗ್ರಹಿಸಿ ಎಫ್‌ಎಸ್‌ಎಚ್ ಹೆಚ್ಚಿಸುತ್ತದೆ. ಆದ್ದರಿಂದ ವೀರ್ಯಾಣು ಇಲ್ಲದೆ ಎಫ್‌ಎಸ್‌ಎಚ್ ಏರಿದ್ದರೆ ತಯಾರಿಕೆಯೇ ಕೆಟ್ಟಿದೆ ಎಂದೂ, ಎಫ್‌ಎಸ್‌ಎಚ್ ಸಾಮಾನ್ಯವಾಗಿದ್ದರೆ ತಯಾರಿಕೆ ಸರಿಯಿದ್ದು ದಾರಿಯಲ್ಲಿ ಎಲ್ಲೋ ತಡೆ ಇದೆ ಎಂದೂ ವೈದ್ಯರು ಊಹಿಸುವುದುಂಟು. ಆದರೆ ಎರಡು ಟಿ ಪ್ರತಿಗಳಿರುವ ಗಂಡಸಿನ ಪಿಟ್ಯುಟರಿ ಎಷ್ಟು ಪ್ರಯತ್ನಪಟ್ಟರೂ ಎಫ್‌ಎಸ್‌ಎಚ್ ಅನ್ನು ಮೇಲಕ್ಕೆ ಏರಿಸಲಾರದು. ಅವನ ವರದಿಯಲ್ಲಿ ಕಾಣುವ 3 ಅಥವಾ 4 ಎಂಬ ಅಂಕಿ ನೆಮ್ಮದಿಯ ಸೂಚನೆಯಾಗಿರದೆ ಕೊರತೆಯ ಸೂಚನೆಯೇ ಆಗಿರಬಹುದು. ಅವನ ಪಕ್ಕದಲ್ಲಿ ಕುಳಿತ, ಎರಡು ಜಿ ಪ್ರತಿಗಳಿರುವ ಮತ್ತೊಬ್ಬನಲ್ಲಿ ಅದೇ ಅಂಕಿ ನಿಜಕ್ಕೂ ಆರೋಗ್ಯದ ಸೂಚನೆ.

ಸಂತಾನಕ್ಕೆ ಅಡ್ಡಿ ಮಾಡುವ ಅಕ್ಷರ ತಲೆಮಾರುಗಳ ಓಟದಲ್ಲಿ ಅಳಿಸಿಹೋಗದೆ ಉಳಿದದ್ದು ಏಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಉತ್ತರದ ಒಂದು ತುಣುಕು ಹೆಣ್ಣಿನ ದೇಹದಲ್ಲಿದೆ. ಇದೇ ಟಿ ಅಕ್ಷರವಿರುವ ಹೆಂಗಸರಲ್ಲಿ ಋತುಚಕ್ರ ಸ್ವಲ್ಪ ದೀರ್ಘವಾಗಿರುತ್ತದೆ, ಮುಟ್ಟು ನಿಲ್ಲುವುದು ಸ್ವಲ್ಪ ತಡವಾಗುತ್ತದೆ, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಬರುವ ಸಂಭವ ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ದೊಡ್ಡ ಜನಸಮೂಹದ ಮೇಲೆ ನಡೆದ ವಿಶ್ಲೇಷಣೆಗಳು ತೋರಿಸಿವೆ. ಗಂಡಿನಲ್ಲಿ ಕಳೆಯುವ ಅಕ್ಷರ ಹೆಣ್ಣಿನಲ್ಲಿ ಕಳೆಯುವುದರ ಜೊತೆಗೆ ಕೂಡಿಸುವುದನ್ನೂ ಮಾಡುತ್ತದೆ. ಜೀನುಗಳನ್ನು ಒಳ್ಳೆಯವು, ಕೆಟ್ಟವು ಎಂದು ವಿಂಗಡಿಸುವ ಮಾತು ಬಂದಾಗಲೆಲ್ಲ ನನಗೆ ಈ ಉದಾಹರಣೆ ನೆನಪಾಗುತ್ತದೆ.

ಗಂಡಸಿಗೆ ಎಫ್‌ಎಸ್‌ಎಚ್ ನಿಜಕ್ಕೂ ಅನಿವಾರ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಹಿರಿಯರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಆರ್. ಮೌದ್ಗಲ್ ಒಬ್ಬರು. ನಮ್ಮ ಊರುಗಳ ದೇವಸ್ಥಾನದ ಆವರಣದಲ್ಲಿಯೂ ಘಾಟಿ ರಸ್ತೆಯ ಬದಿಯಲ್ಲಿಯೂ ಕಾಣಸಿಗುವ ಬಾನೆಟ್ ಕೋತಿಗಳಿಗೆ ಕುರಿಯ ಎಫ್‌ಎಸ್‌ಎಚ್ ಅನ್ನು ಲಸಿಕೆಯ ರೂಪದಲ್ಲಿ ಕೊಟ್ಟು, ಅವುಗಳ ದೇಹವೇ ಎಫ್‌ಎಸ್‌ಎಚ್ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುವಂತೆ ಅವರ ತಂಡ ಮಾಡಿತು. ಟೆಸ್ಟೋಸ್ಟಿರಾನ್ ಮೊದಲಿನಂತೆಯೇ ಉಳಿದರೂ ವೀರ್ಯಾಣುಗಳ ಸಂಖ್ಯೆಯೂ ಗುಣವೂ ಕುಸಿದವು. 1990ರ ದಶಕದಲ್ಲಿ ಕೆಲವೇ ಸ್ವಯಂಸೇವಕ ಗಂಡಸರ ಮೇಲೆ ಇದರ ಪ್ರಾಥಮಿಕ ಪ್ರಯೋಗವೂ ನಡೆಯಿತು. ಗಂಡಸರಿಗೊಂದು ಗರ್ಭನಿರೋಧಕ ಸಿಗಬೇಕೆಂಬುದು ಅವರ ಉದ್ದೇಶವಾಗಿದ್ದರೂ, ಆ ಕೆಲಸದಿಂದ ಫಲವಂತಿಕೆಯ ಮೂಲ ಪ್ರಶ್ನೆಯೊಂದಕ್ಕೆ ಬೆಳಕು ಬಿತ್ತು.

ಸರಿಸುಮಾರು ಅದೇ ಹೊತ್ತಿಗೆ ಫಿನ್‌ಲೆಂಡಿನಿಂದ ಬೇರೆಯೇ ದಿಕ್ಕಿನ ಪುರಾವೆ ಬಂತು. ಅಲ್ಲಿನ ಕೆಲವು ಕುಟುಂಬಗಳಲ್ಲಿ ಎಫ್‌ಎಸ್‌ಎಚ್‌ನ ಗ್ರಾಹಕವನ್ನು, ಅಂದರೆ ಜೀವಕೋಶದ ಮೇಲೆ ಹಾರ್ಮೋನು ಬಂದು ಕೂರುವ ಬೀಗವನ್ನು, ನಿಷ್ಕ್ರಿಯಗೊಳಿಸುವ ಒಂದು ರೂಪಾಂತರ ಪತ್ತೆಯಾಗಿತ್ತು. ಎರಡೂ ಪ್ರತಿಗಳಲ್ಲಿ ಅದನ್ನು ಹೊತ್ತ ಹೆಂಗಸರ ಅಂಡಾಶಯ ಕೆಲಸವನ್ನೇ ಮಾಡುತ್ತಿರಲಿಲ್ಲ. ಆದರೆ ಅದೇ ರೂಪಾಂತರವನ್ನು ಎರಡು ಪ್ರತಿಗಳಲ್ಲಿ ಹೊತ್ತ ಐವರು ಗಂಡಸರನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎಲ್ಲರಲ್ಲಿಯೂ ಉತ್ಪಾದನೆ ಒಂದಲ್ಲ ಒಂದು ಮಟ್ಟಿಗೆ ಕುಗ್ಗಿದ್ದರೂ ವೀರ್ಯಾಣು ಪೂರ್ತಿ ಇಲ್ಲದವರು ಯಾರೂ ಇರಲಿಲ್ಲ, ಮತ್ತು ಅವರಲ್ಲಿ ಇಬ್ಬರು ಆಗಲೇ ತಂದೆಯರಾಗಿದ್ದರು. ಇದಕ್ಕೆ ಎದುರಾಗಿ, ಎಫ್‌ಎಸ್‌ಎಚ್‌ನ ಬೀಟಾ ತುಂಡೇ ಕೆಟ್ಟುಹೋದ ಬೆರಳೆಣಿಕೆಯ ಗಂಡಸರಲ್ಲಿ ವೀರ್ಯಾಣು ಕಾಣಲಿಲ್ಲ. ಈ ವಿರೋಧ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಫಿನ್ನಿಷ್ ಗ್ರಾಹಕದಲ್ಲಿ ಅಲ್ಪಸ್ವಲ್ಪ ಚಟುವಟಿಕೆ ಉಳಿದಿತ್ತು ಎಂಬುದು ಒಂದು ವಿವರಣೆ. ಏನೇ ಇರಲಿ, ಒಂದು ಜೀನು ಹಾಳಾಗಿದೆ ಎಂಬ ಮಾತ್ರಕ್ಕೆ ಒಬ್ಬ ಗಂಡಸಿಗೆ ಮಕ್ಕಳಾಗುವುದಿಲ್ಲ ಎಂದು ತೀರ್ಪು ಕೊಡಬಾರದೆಂದು ಆ ಇಬ್ಬರು ತಂದೆಯರು ವೈದ್ಯಶಾಸ್ತ್ರಕ್ಕೆ ಕಲಿಸಿದರು.

ಟೆಸ್ಟೋಸ್ಟಿರಾನಿನ ವಿಷಯಕ್ಕೆ ಬಂದರೆ, ಹೆಚ್ಚು ಚರ್ಚೆಗೆ ಒಳಗಾಗಿರುವುದು ಹಾರ್ಮೋನಿಗಿಂತ ಅದರ ಗ್ರಾಹಕ. ಆಂಡ್ರೊಜೆನ್ ಗ್ರಾಹಕದ ಜೀನು ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡಸಿಗೆ ಇರುವುದು ಒಂದೇ ಎಕ್ಸ್, ಅದು ಬರುವುದು ತಾಯಿಯಿಂದ. ವಂಶ, ಬೀಜ, ಗಂಡಸುತನಗಳನ್ನು ತಂದೆಯ ಕಡೆಯಿಂದಲೇ ಎಣಿಸುವ ನಮ್ಮ ಸಮಾಜ, ಪುರುಷ ಹಾರ್ಮೋನಿನ ಬೀಗವನ್ನು ಪ್ರತಿಯೊಬ್ಬ ಗಂಡಸೂ ತನ್ನ ತಾಯಿಯಿಂದಲೇ ಪಡೆಯುತ್ತಾನೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಈ ಜೀನಿನ ಮೊದಲ ಭಾಗದಲ್ಲಿ ಸಿಎಜಿ ಎಂಬ ಮೂರಕ್ಷರದ ತುಣುಕು ಸಾಲಾಗಿ ಪುನರಾವರ್ತನೆಗೊಳ್ಳುತ್ತದೆ. ಸಾಮಾನ್ಯವಾಗಿ ಇದರ ಸಂಖ್ಯೆ 20ರ ಆಚೀಚೆ. ಸಾಲು ಉದ್ದವಾದಷ್ಟೂ ಗ್ರಾಹಕ ಮಂದವಾಗುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ಸತ್ಯ. ಸಂಖ್ಯೆ 38ರಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಸ್ನಾಯುಗಳನ್ನು ನಿಧಾನವಾಗಿ ಕುಗ್ಗಿಸುವ ಕೆನಡಿ ಕಾಯಿಲೆ ಬರುತ್ತದೆ ಎಂದು 1991ರಲ್ಲಿ ತಿಳಿದುಬಂತು. ಆ ರೋಗಿಗಳಲ್ಲಿ ಸ್ತನ ಊದುವುದು, ಫಲವಂತಿಕೆ ಕುಗ್ಗುವುದು ಇತ್ಯಾದಿ ಲಕ್ಷಣಗಳೂ ಇರುತ್ತವೆ.

ಹಾಗಿದ್ದರೆ ಕಾಯಿಲೆಯ ಮಟ್ಟ ಮುಟ್ಟದ, ಆದರೂ ಸ್ವಲ್ಪ ಉದ್ದವಾದ ಸಾಲುಗಳು ವೀರ್ಯಾಣುಗಳನ್ನು ಕಡಿಮೆ ಮಾಡುತ್ತವೆಯೇ? ಸಿಂಗಪುರದ ಸಂಶೋಧಕರು 1997ರಲ್ಲಿ ಹೌದು ಎಂದರು. 28 ಅಥವಾ ಹೆಚ್ಚು ಪುನರಾವರ್ತನೆ ಇದ್ದ ಗಂಡಸರಲ್ಲಿ ವೀರ್ಯಾಣು ಉತ್ಪಾದನೆ ಕೆಡುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚು ಎಂದು ಅವರ ಲೆಕ್ಕ ಹೇಳಿತು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಕೆ. ತಂಗರಾಜ್, ಲಾಲ್ಜಿ ಸಿಂಗ್ ಮತ್ತು ಸಂಗಡಿಗರು ಭಾರತೀಯ ಗಂಡಸರನ್ನು ಪರೀಕ್ಷಿಸಿ 2002ರಲ್ಲಿ ಇಲ್ಲ ಎಂದರು. ವೀರ್ಯಾಣು ಇಲ್ಲದವರಿಗೂ ಮಕ್ಕಳಿರುವವರಿಗೂ ಸಾಲಿನ ಉದ್ದದಲ್ಲಿ ಅಂಥ ವ್ಯತ್ಯಾಸವೇ ಅವರಿಗೆ ಕಾಣಲಿಲ್ಲ. ಹಲವು ದೇಶಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ಸ್ವೀಡನ್ನಿನ ಸಂಶೋಧಕರು ಆಮೇಲೆ ಮಾಡಿದ ವಿಶ್ಲೇಷಣೆ ಇನ್ನೊಂದು ದಾರಿ ತೋರಿಸಿತು. ಅದರ ಪ್ರಕಾರ 22 ಅಥವಾ 23 ಪುನರಾವರ್ತನೆ ಇರುವವರು ಸುರಕ್ಷಿತ ನಡುಗಡ್ಡೆಯಲ್ಲಿದ್ದಾರೆ, ಅದಕ್ಕಿಂತ ಉದ್ದವೂ ಗಿಡ್ಡವೂ ಸ್ವಲ್ಪ ಮಟ್ಟಿಗೆ ಅಪಾಯ ಹೆಚ್ಚಿಸುತ್ತವೆ. ಸಾಲು ಗಿಡ್ಡವಾದಷ್ಟೂ ಒಳ್ಳೆಯದು ಎಂಬ ನೇರ ಲೆಕ್ಕ ಇದರಿಂದ ಮುರಿದುಬಿತ್ತು. ನನ್ನ ತೀರ್ಮಾನ ಇಷ್ಟೇ. ಕೆನಡಿ ಕಾಯಿಲೆಯ ಅನುಮಾನವಿಲ್ಲದ ಒಬ್ಬ ಗಂಡಸಿಗೆ ಅವನ ಸಿಎಜಿ ಸಂಖ್ಯೆಯನ್ನು ಹಣ ತೆಗೆದುಕೊಂಡು ಹೇಳುವುದರಿಂದ ಅವನ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ.

ಜನಸಮುದಾಯಗಳ ನಡುವಿನ ಅಂತರವನ್ನು ಮರೆತು ಇಂಥ ಫಲಿತಾಂಶಗಳನ್ನು ಓದುವುದು ಎಷ್ಟು ಅಪಾಯ ಎಂಬುದಕ್ಕೆ ಎಲ್‌ಎಚ್ ಹಾರ್ಮೋನಿನ ಒಂದು ರೂಪ ಸಾಕ್ಷಿ. ಫಿನ್‌ಲೆಂಡಿನ ವಿಜ್ಞಾನಿಗಳು 1990ರ ದಶಕದಲ್ಲಿ ಎಲ್‌ಎಚ್‌ನ ಬೀಟಾ ತುಂಡಿನಲ್ಲಿ ಎರಡು ಅಮೈನೋ ಆಮ್ಲಗಳು, ಅಂದರೆ ಪ್ರೋಟೀನನ್ನು ಕಟ್ಟುವ ಘಟಕಗಳು, ಬದಲಾದ ಒಂದು ರೂಪವನ್ನು ಗುರುತಿಸಿದರು. ಅದು ಜೀವಕೋಶದ ಮೇಲೆ ಹೆಚ್ಚು ಚುರುಕಾಗಿ ಕೆಲಸ ಮಾಡಿದರೂ ರಕ್ತದಿಂದ ಬೇಗ ಮಾಯವಾಗುತ್ತದೆ. ಕೆಲವು ಪರೀಕ್ಷಾ ಕಿಟ್‌ಗಳು ಅದನ್ನು ಗುರುತಿಸಲಾಗದೆ, ಆರೋಗ್ಯವಂತರಲ್ಲಿಯೂ ಎಲ್‌ಎಚ್ ಇಲ್ಲವೆಂದು ವರದಿ ಕೊಟ್ಟದ್ದೂ ಉಂಟು. ಪ್ರಪಂಚದ ನಾನಾ ಸಮುದಾಯಗಳಲ್ಲಿ ಇದರ ಹರಡುವಿಕೆಯನ್ನು ಅಳೆದಾಗ ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಅದನ್ನು ಹೊತ್ತಿದ್ದರೆ, ಅಧ್ಯಯನಕ್ಕೆ ಒಳಗಾದ ನೀಲಗಿರಿಯ ಕೋತರಲ್ಲಿ ಒಬ್ಬರಲ್ಲಿಯೂ ಅದು ಕಾಣಲಿಲ್ಲ. ನಮ್ಮ ಗುಂಡ್ಲುಪೇಟೆಯಿಂದ ಕೆಲವೇ ಗಂಟೆಗಳ ಹಾದಿಯ ಬೆಟ್ಟದ ಮೇಲೆ, ಕನ್ನಡಕ್ಕೆ ಬಂಧುವಾದ ಭಾಷೆಯನ್ನಾಡುವ ಒಂದು ಸಣ್ಣ ಸಮುದಾಯ ಈ ಲೆಕ್ಕದ ಒಂದು ತುದಿಯಲ್ಲಿ ನಿಂತಿದೆ. ಎಫ್‌ಎಸ್‌ಎಚ್‌ಬಿಯ ಟಿ ಅಕ್ಷರವೂ ಹಾಗೆಯೇ ಯುರೋಪಿನಲ್ಲಿ ಹೆಚ್ಚು, ಏಷ್ಯಾ ಮತ್ತು ಆಫ್ರಿಕಾಗಳಲ್ಲಿ ಕಡಿಮೆ. ಎಸ್ಟೋನಿಯಾದ ಯುವಕರಿಂದ ಪಡೆದ ಅಪಾಯದ ಲೆಕ್ಕವನ್ನು ದಾವಣಗೆರೆಯ ಯುವಕನ ವರದಿಗೆ ಹಾಗೆಯೇ ಅಂಟಿಸುವುದು ವಿಜ್ಞಾನವಾಗದು.

ಈ ಎಲ್ಲ ತಿಳಿವಳಿಕೆ ಚಿಕಿತ್ಸೆಗೆ ಒದಗುತ್ತದೆಯೇ ಎಂಬುದು ದಂಪತಿಗಳ ಪಾಲಿಗೆ ಮುಖ್ಯ ಪ್ರಶ್ನೆ. ಎಫ್‌ಎಸ್‌ಎಚ್ ಕಡಿಮೆ ಇರುವವನಿಗೆ ಅದನ್ನೇ ಚುಚ್ಚುಮದ್ದಿನ ಮೂಲಕ ಕೊಟ್ಟರೆ ವೀರ್ಯಾಣು ಹೆಚ್ಚಬೇಕಲ್ಲವೇ? ಇಟಲಿಯಲ್ಲಿ ಎಫ್‌ಎಸ್‌ಎಚ್ ಮಟ್ಟ 8ಕ್ಕಿಂತ ಕಡಿಮೆ ಇರುವ ಬಂಜೆ ಗಂಡಸರಿಗೆ ಈ ಚುಚ್ಚುಮದ್ದಿನ ಖರ್ಚನ್ನು ಸರ್ಕಾರಿ ಆರೋಗ್ಯ ವ್ಯವಸ್ಥೆಯೇ ಭರಿಸುತ್ತದೆ. ಎರಡು ಟಿ ಪ್ರತಿಗಳಿರುವವರು ಈ ಚಿಕಿತ್ಸೆಗೆ ಉಳಿದವರಿಗಿಂತ ಚೆನ್ನಾಗಿ ಸ್ಪಂದಿಸಿದರೆಂದು ಅಲ್ಲಿನ ಪಡುವಾದ ತಂಡ 2011ರಲ್ಲಿ ವರದಿ ಮಾಡಿತು. ಕೊರತೆ ಇರುವಲ್ಲಿ ತುಂಬಿದರೆ ಫಲ ಸಿಗುವುದು ತರ್ಕಕ್ಕೂ ಒಪ್ಪುತ್ತದೆ. ಆದರೆ ಎಫ್‌ಎಸ್‌ಎಚ್ ಗ್ರಾಹಕದ ಸಾಮಾನ್ಯ ರೂಪಾಂತರದ ವಿಷಯದಲ್ಲಿ ಅಧ್ಯಯನಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಹೋಗಿವೆ. ಒಂದು ಅಧ್ಯಯನದಲ್ಲಿ ಗ್ರಾಹಕದ 680ನೇ ಸ್ಥಾನದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲ ಇದ್ದವರಿಗೆ ಲಾಭವಾದರೆ, ವೀರ್ಯಾಣುವಿನ ಡಿಎನ್‌ಎ ಛಿದ್ರತೆಯನ್ನು ಅಳೆದ ಇನ್ನೊಂದರಲ್ಲಿ ಅದೇ ಸ್ಥಾನದಲ್ಲಿ ಆಸ್ಪರಾಜಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಇದ್ದವರಿಗೆ ಲಾಭವಾಯಿತು. ಚುಚ್ಚುಮದ್ದಿನ ಒಟ್ಟಾರೆ ಪರಿಣಾಮವನ್ನು ಪರಿಶೀಲಿಸಿದ, ನಡೆದ ಪ್ರಯೋಗಗಳನ್ನೆಲ್ಲ ಕಲೆಹಾಕಿ ತೂಗಿನೋಡುವ ಕೊಕ್ರೇನ್ ವಿಮರ್ಶೆಗೆ 2013ರಲ್ಲಿ ಸಿಕ್ಕಿದ್ದು 456 ಜನರನ್ನು ಒಳಗೊಂಡ ಆರು ಪ್ರಯೋಗಗಳು ಮಾತ್ರ. ಗರ್ಭಧಾರಣೆ ಹೆಚ್ಚಿದ ಸೂಚನೆ ಇತ್ತು, ಆದರೆ ಖಚಿತವಾಗಿ ಮಾತಾಡಲು ಸಂಖ್ಯೆ ಸಾಲದು. ಜೊತೆಗೆ, ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಆದ್ದರಿಂದ ಮೂರು ತಿಂಗಳಿಗೂ ಮೊದಲೇ ಮತ್ತೆ ಪರೀಕ್ಷೆ ಮಾಡಿಸಿ ಚಿಕಿತ್ಸೆ ಫಲಿಸಲಿಲ್ಲ ಎಂದು ಕೈಬಿಡುವುದರಲ್ಲಿ ಅರ್ಥವಿಲ್ಲ.

ಹತ್ತಾರು ಜೀನುಗಳನ್ನು ಒಟ್ಟಿಗೆ ನೋಡುವ ದುಬಾರಿ ಪರೀಕ್ಷೆಗೆ ಒಪ್ಪುವ ಮೊದಲು, ಅದರ ಫಲಿತಾಂಶ ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ದಂಪತಿಗಳು ನೇರವಾಗಿ ಕೇಳಬೇಕು. ವೀರ್ಯಾಣು ಇಲ್ಲದ ಅಥವಾ ತೀರಾ ಕಡಿಮೆ ಇರುವ ಗಂಡಸರಲ್ಲಿ ಖಂಡಿತ ಮಾಡಿಸಬೇಕಾದವು ಹಾರ್ಮೋನಿಗೆ ನೇರ ಸಂಬಂಧವಿಲ್ಲದ ಎರಡು ಹಳೆಯ ಪರೀಕ್ಷೆಗಳು. ವರ್ಣತಂತುಗಳ ಎಣಿಕೆಯಿಂದ ಒಂದು ಎಕ್ಸ್ ಹೆಚ್ಚಿರುವ ಕ್ಲೈನ್‌ಫೆಲ್ಟರ್ ಸ್ಥಿತಿ ಗೊತ್ತಾಗುತ್ತದೆ. ವೈ ವರ್ಣತಂತುವಿನಲ್ಲಿ ಸಣ್ಣ ಭಾಗಗಳು ಬಿಟ್ಟುಹೋಗಿವೆಯೇ ಎಂಬ ಪರೀಕ್ಷೆ ಎರಡನೆಯದು. ವೀರ್ಯಾಣು ಇಲ್ಲದ 340 ಭಾರತೀಯ ಗಂಡಸರನ್ನು ಸಿಸಿಎಂಬಿ ಪರೀಕ್ಷಿಸಿದಾಗ ಶೇ 8.5ರಷ್ಟು ಜನರಲ್ಲಿ ಇಂಥ ಲೋಪ ಕಂಡಿತ್ತು. ಲೋಪ ಎಲ್ಲಿದೆ ಎಂಬುದರ ಮೇಲೆ ವೃಷಣದಿಂದ ವೀರ್ಯಾಣು ತೆಗೆಯುವ ಶಸ್ತ್ರಚಿಕಿತ್ಸೆ ಫಲಿಸುತ್ತದೆಯೇ ಎಂಬುದು ನಿಂತಿದೆ. ಫಲಿಸಿ ಮಗನೇ ಹುಟ್ಟಿದರೆ ಅದೇ ಲೋಪ ಅವನಿಗೂ ಹೋಗುತ್ತದೆ, ಮತ್ತು ಇದನ್ನು ದಂಪತಿಗಳಿಗೆ ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯ.

ವೀರ್ಯಾಣು ಸಂಖ್ಯೆಯ ಮಿತಿಯ ಬಗೆಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಮಿಲಿಲೀಟರಿಗೆ 1.6 ಕೋಟಿ ಎಂಬ ಕೆಳ ಅಂಚನ್ನು ಕೊಡುತ್ತದೆ. ಒಂದು ವರ್ಷದೊಳಗೆ ತಂದೆಯಾದ ಗಂಡಸರಲ್ಲಿಯೇ ನೂರಕ್ಕೆ ಐವರು ಆ ಅಂಚಿನ ಕೆಳಗಿದ್ದರು ಎಂಬುದು ಆ ಅಂಕಿಯ ಅರ್ಥ. ಅಂಚಿಗಿಂತ ಕೆಳಗಿದ್ದವನು ತಂದೆಯಾಗಲಾರ ಎಂಬ ತೀರ್ಪು ಅದರಲ್ಲಿಲ್ಲ.

ಜೀನುಗಳ ಮಾತಿನ ನಡುವೆ, ಕೈಯಾರೆ ಮಾಡಿಕೊಳ್ಳುವ ಹಾನಿಯೊಂದನ್ನು ಹೇಳದೆ ಬಿಡುವಂತಿಲ್ಲ. ಟೆಸ್ಟೋಸ್ಟಿರಾನ್ ಗಂಡಸುತನದ ಹಾರ್ಮೋನು, ಆದ್ದರಿಂದ ಅದನ್ನು ಹೊರಗಿನಿಂದ ಪಡೆದರೆ ಫಲವಂತಿಕೆ ಹೆಚ್ಚುತ್ತದೆ ಎಂಬ ನಂಬಿಕೆ ಜಿಮ್‌ಗಳಲ್ಲಿಯೂ ಔಷಧಿ ಅಂಗಡಿಗಳಲ್ಲಿಯೂ ಇದೆ. ಆಗುವುದು ಇದಕ್ಕೆ ತದ್ವಿರುದ್ಧ. ರಕ್ತದಲ್ಲಿ ಟೆಸ್ಟೋಸ್ಟಿರಾನ್ ತುಂಬಿದ್ದನ್ನು ಕಂಡ ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್‌ಗಳನ್ನು ನಿಲ್ಲಿಸುತ್ತದೆ, ವೃಷಣದ ಒಳಗಿನ ಟೆಸ್ಟೋಸ್ಟಿರಾನ್ ಕುಸಿಯುತ್ತದೆ, ವೀರ್ಯಾಣು ತಯಾರಿಕೆ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ಆಸುಪಾಸಿನಲ್ಲಿ ವಾರಕ್ಕೊಂದು ಟೆಸ್ಟೋಸ್ಟಿರಾನ್ ಚುಚ್ಚುಮದ್ದನ್ನು ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು, ಮತ್ತು ಹೆಚ್ಚಿನ ಗಂಡಸರಲ್ಲಿ ಅದು ಕೆಲಸ ಮಾಡಿತ್ತು. ಮಗು ಬೇಕೆನ್ನುವ ಗಂಡಸಿಗೆ ಟೆಸ್ಟೋಸ್ಟಿರಾನ್ ಕೊಡುವುದು ಚಿಕಿತ್ಸೆಯ ಹೆಸರಿನಲ್ಲಿ ಆಗುವ ದೊಡ್ಡ ತಪ್ಪು.

ಹಾರ್ಮೋನಿನ ಜೀನುಗಳ ಜ್ಞಾನ ನಿಸ್ಸಂದೇಹವಾಗಿ ಫಲ ಕೊಡುವ ಒಂದು ಜಾಗವಿದೆ, ಅದು ಈ ಸರಪಣಿಯ ಮೊದಲ ಕೊಂಡಿ. ಜಿಎನ್‌ಆರ್‌ಎಚ್ ಬಿಡುವ ನರಕೋಶಗಳು ಹುಟ್ಟುವುದು ಭ್ರೂಣದ ಮೂಗಿನ ಭಾಗದಲ್ಲಿ. ವಾಸನೆಯ ನರಗಳ ಜಾಡು ಹಿಡಿದು ಅವು ಮಿದುಳಿಗೆ ವಲಸೆ ಹೋಗುತ್ತವೆ. ಈ ವಲಸೆಗೆ ದಾರಿ ತೋರುವ ಜೀನುಗಳಲ್ಲಿ ದೋಷವಿದ್ದರೆ ವಾಸನೆಯ ಶಕ್ತಿಯೂ ಹರೆಯವೂ ಒಟ್ಟಿಗೆ ತಪ್ಪಿಹೋಗುತ್ತವೆ. 1944ರಲ್ಲಿ ಇದನ್ನು ಆನುವಂಶಿಕ ಸ್ಥಿತಿಯೆಂದು ವಿವರಿಸಿದ ವೈದ್ಯನ ಹೆಸರಿನಿಂದ ಇದಕ್ಕೆ ಕಾಲ್ಮನ್ ಸಿಂಡ್ರೋಮ್ ಎನ್ನುತ್ತಾರೆ. ಮೊದಲ ಜೀನು 1991ರಲ್ಲಿ ಸಿಕ್ಕಿತು, ಇಂದು ಕಾಲ್ಮನ್ ಮತ್ತು ಅದರ ಬಳಗದ ಸ್ಥಿತಿಗಳಿಗೆ ಸಂಬಂಧಿಸಿದ ಹತ್ತಾರು ಜೀನುಗಳು ತಿಳಿದಿವೆ. ಗಡ್ಡ ಮೀಸೆ ಸರಿಯಾಗಿ ಬಾರದ, ದನಿ ಒಡೆಯದ, ಮದುವೆಯ ಮಾತು ಬಂದಾಗಲೆಲ್ಲ ತಪ್ಪಿಸಿಕೊಳ್ಳುವ ಇಂಥ ಯುವಕರು ವೈದ್ಯರ ಬಳಿ ಬರುವುದೇ ತಡವಾಗಿ, ಬಂದಾಗಲೂ ಹೇಳುವುದು ಅರ್ಧ. ಅವರ ವರದಿಯಲ್ಲಿ ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೋಸ್ಟಿರಾನ್ ಮೂರೂ ತಳ ಕಂಡಿರುತ್ತವೆ. ಒಗ್ಗರಣೆಯ ವಾಸನೆ, ಮಲ್ಲಿಗೆಯ ಘಮ ನಿನಗೆ ತಿಳಿಯುತ್ತದೆಯೇ ಎಂದು ವೈದ್ಯರು ಕೇಳಿದಾಗ, ಚಿಕ್ಕಂದಿನಿಂದಲೂ ತಿಳಿದಿಲ್ಲ ಎಂದು ಅವರಲ್ಲಿ ಅನೇಕರು ಮೊದಲ ಬಾರಿಗೆ ಬಾಯಿಬಿಡುತ್ತಾರೆ. ಇವರ ವೃಷಣಗಳು ಬಹಳಷ್ಟು ಸಂದರ್ಭಗಳಲ್ಲಿ ಕೆಟ್ಟಿರುವುದಿಲ್ಲ, ಮಿದುಳಿನ ಕರೆಗಾಗಿ ಕಾದಿರುತ್ತವೆ ಅಷ್ಟೇ. ಎಲ್‌ಎಚ್‌ನ ಕೆಲಸ ಮಾಡುವ ಎಚ್‌ಸಿಜಿ ಮತ್ತು ಎಫ್‌ಎಸ್‌ಎಚ್ ಚುಚ್ಚುಮದ್ದುಗಳನ್ನು ವಾರಕ್ಕೆ ಎರಡು ಮೂರು ಬಾರಿಯಂತೆ ತಿಂಗಳುಗಟ್ಟಲೆ, ಬೇಕಾದರೆ ಒಂದೆರಡು ವರ್ಷ ಕೊಟ್ಟಾಗ ಇವರಲ್ಲಿ ಹೆಚ್ಚಿನವರ ವೀರ್ಯದಲ್ಲಿ ವೀರ್ಯಾಣು ಕಾಣಿಸಿಕೊಳ್ಳುತ್ತದೆ, ಮತ್ತು ಸಂಖ್ಯೆ ಸಾಮಾನ್ಯ ಅಂಚಿನ ಎಷ್ಟೋ ಕೆಳಗಿದ್ದರೂ ಅವರಲ್ಲಿ ಅನೇಕರ ಹೆಂಡತಿಯರು ಸಹಜವಾಗಿಯೇ ಬಸುರಾಗುತ್ತಾರೆ.